ಪ್ರಸಾದವೂ ಪ್ರಮಾಣವೂ

ವೀರಶೈವನ ಮನೆಯಲ್ಲಿ ಅನ್ನಕ್ಕೆ ಬರಿಯ ಅನ್ನವೆಂಬ ಹೆಸರು ಬಹಳ ಹೊತ್ತು ನಿಲ್ಲುವುದಿಲ್ಲ. ಒಲೆಯ ಮೇಲಿರುವಾಗ ಅದು ಪದಾರ್ಥ. ಲಿಂಗಕ್ಕೆ ಅರ್ಪಿತವಾದೊಡನೆ ಅದೇ ಪ್ರಸಾದ. ಶರಣರು ಅಷ್ಟಾವರಣಗಳಲ್ಲಿ ಪ್ರಸಾದಕ್ಕೆ ಸ್ಥಾನವನ್ನಿತ್ತುದು ಮಾತ್ರವಲ್ಲ, ಷಟ್‌ಸ್ಥಲಗಳಲ್ಲಿ ಮೂರನೆಯದನ್ನು ಪ್ರಸಾದಿಸ್ಥಲವೆಂದೇ ಕರೆದರು. ಉಣ್ಣುವ ಕ್ರಿಯೆಯನ್ನು ಸಾಧನೆಯ ಒಂದು ಮೆಟ್ಟಿಲನ್ನಾಗಿ ಮಾಡಿದ ಧರ್ಮವಿದು. ಆದಕಾರಣವೇ ಎಡೆಗೆ ಬಂದುದನ್ನು ಒಂದು ಅಗುಳೂ ಬಿಡದೆ ಸ್ವೀಕರಿಸಿ, ತಟ್ಟೆಯನ್ನು ತೊಳೆದ ನೀರನ್ನೂ ಭಕ್ತಿಯಿಂದ ಸೇವಿಸುವ ಹಿರಿಯರನ್ನು ಇಂದಿಗೂ ನಮ್ಮ ಮನೆಗಳಲ್ಲಿ ಕಾಣುತ್ತೇವೆ. ಪ್ರಸಾದವನ್ನು ಚೆಲ್ಲುವುದು ಅವರಿಗೆ ಸಹಿಸಲಾಗದ ಮಾತು.

ಇಂಥ ಸದಾಚಾರದ ನಡುವೆಯೇ ಒಂದು ತೊಡಕು ಅಡಗಿದೆ. ಎಡೆಯಲ್ಲಿ ಬಂದುದು ದೇಹಕ್ಕೆ ಬೇಕಾದುದಕ್ಕಿಂತ ಹೆಚ್ಚಾಗಿದ್ದರೆ ಭಕ್ತನು ಏನು ಮಾಡತಕ್ಕದ್ದು? ಬಿಟ್ಟರೆ ಪ್ರಸಾದಕ್ಕೆ ಅಪಚಾರ. ಉಂಡರೆ ದೇಹಕ್ಕೆ ಅಪಚಾರ. ದೇಹವೆಂಬುದು ಹೇಗಾದರೂ ಸವೆಸಿ ಎಸೆಯತಕ್ಕ ವಸ್ತುವೆಂದು ಶರಣರು ಎಣಿಸಲಿಲ್ಲ. ಅದು ಲಿಂಗದ ಮನೆ, ಕಾಯಕದ ಸಾಧನ. ಹಾಗಿದ್ದಮೇಲೆ ಒಂದು ವ್ರತವನ್ನು ಉಳಿಸಿಕೊಳ್ಳಲು ಇನ್ನೊಂದನ್ನು ಕೆಡಿಸಬೇಕಾಗುವುದೇ? ಮೇಲುನೋಟಕ್ಕೆ ಇದು ಹೊಟ್ಟೆಯ ಸಣ್ಣ ಪ್ರಶ್ನೆಯೆಂದು ತೋರಬಹುದು. ಆದರೆ ದಿನಕ್ಕೆ ಎರಡು ಮೂರು ಸಲ ಪ್ರತಿಯೊಂದು ಮನೆಯಲ್ಲಿಯೂ ಏಳುವ ಪ್ರಶ್ನೆಯನ್ನು ಸಣ್ಣದೆನ್ನುವುದು ಹೇಗೆ?

ಈ ತೊಡಕನ್ನು ನಾನು ಗ್ರಂಥದಿಂದ ಅರಿತವನಲ್ಲ. ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯಲ್ಲಿ ನನ್ನ ಕೈಯಿಂದಲೇ ಆದ ಒಂದು ತಪ್ಪಿನಿಂದ ಅರಿತೆ. ಕೆಲವು ವರ್ಷಗಳ ಹಿಂದೆ ಅಲ್ಲಿ ನಮ್ಮ ನಂಟರ ಮನೆಯೊಂದರ ಗೃಹಪ್ರವೇಶ. ಪಂಕ್ತಿಯಲ್ಲಿ ಒಬ್ಬಟ್ಟು ಬಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಸಾಲಿನ ಕೊನೆಯಲ್ಲಿ ನಮ್ಮ ದೊಡ್ಡಪ್ಪನವರು ಕುಳಿತಿದ್ದರು. ಎಪ್ಪತ್ತನ್ನು ದಾಟಿದವರು; ಬಾಳೆಲ್ಲ ನೇಗಿಲು ಹಿಡಿದು, ಮಂಡಿ ಸೋತಮೇಲೆ ಹೊಲವನ್ನು ಮಕ್ಕಳಿಗೆ ಒಪ್ಪಿಸಿದವರು. ಸಕ್ಕರೆ ಕಾಯಿಲೆಯೂ ಇತ್ತು. ಒಂದು ಒಬ್ಬಟ್ಟು ಆದಮೇಲೆ ಅವರು ಎಲೆಗೆ ಕೈ ಅಡ್ಡ ಹಿಡಿದರು. ನಾನು ನಗುತ್ತ, ಕೈ ಸರಿಸಿ, ಇನ್ನೊಂದನ್ನಿಕ್ಕಿ ತುಪ್ಪ ಸುರಿದೆ. ಮರಳಿ ಬಂದಾಗ ಮತ್ತೊಂದನ್ನಿಕ್ಕಿದೆ. ಸುತ್ತಲಿದ್ದವರೂ ನಕ್ಕು ಹುರಿದುಂಬಿಸಿದರು. ಅವರು ಏನೂ ಹೇಳದೆ, ಏನನ್ನೂ ಬಿಡದೆ ಎಲ್ಲವನ್ನೂ ಸ್ವೀಕರಿಸಿ ಎದ್ದರು. ಅಂದು ರಾತ್ರಿ ಅವರಿಗೆ ನಿದ್ರೆ ಹತ್ತಲಿಲ್ಲ. ಬಾಯಾರಿಕೆ, ಎದೆಯುರಿ, ಹೊಟ್ಟೆಯುಬ್ಬರ. ಮನೆಯವರೂ ಎದ್ದು ಕುಳಿತರು.

ಬೆಳಗ್ಗೆ ಜಗುಲಿಯ ಮೇಲೆ ಕುಳಿತಿದ್ದವರ ಬಳಿಗೆ ಹೋಗಿ, "ತಪ್ಪಾಯಿತು, ದೊಡ್ಡಪ್ಪ, ನೀವಾದರೂ ಬಿಟ್ಟುಬಿಡಬಾರದಾಗಿತ್ತೆ?" ಎಂದೆ.

"ಲಿಂಗಕ್ಕೆ ಕೊಟ್ಟಮೇಲೆ ಬಿಡೋದೆಂಗಪ್ಪ?" ಎಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಡಿಸೋನಿಗೆ ಉಣ್ಣೋನ ಹೊಟ್ಟೆ ಕಾಣಾಕಿಲ್ಲ, ಅದಕ್ಕೇ ಅವನು ಕೇಳಬೇಕು. ಉಣ್ಣೋನಿಗೆ ಕಾಣ್ತದೆ, ಅದಕ್ಕೇ ಅವನು ಮೊದಲೇ ಹೇಳಬೇಕು. ನೀನು ಕೇಳಲಿಲ್ಲ, ನಾನು ಗಟ್ಟಿಯಾಗಿ ಹೇಳಲಿಲ್ಲ. ಅಷ್ಟೇ ಕಣಪ್ಪ" ಎಂದರು.

ಈ ಮಾತು ನನ್ನ ಮನಸ್ಸಿನಲ್ಲಿ ನಾಟಿ ನಿಂತಿತು. ಬಡಿಸುವವನಿಗೆ ಉಣ್ಣುವವನ ಹೊಟ್ಟೆ ಕಾಣದೆಂಬುದು ನಿರ್ವಿವಾದ. ಆದರೆ ಉಣ್ಣುವವನಿಗಾದರೂ ತನ್ನ ಹೊಟ್ಟೆ ಚೆನ್ನಾಗಿ ಕಾಣುವುದೇ? ಇದನ್ನು ವಿಚಾರಿಸುತ್ತ ಹೋದಂತೆ, ದೊಡ್ಡಪ್ಪನವರು ತಮ್ಮನ್ನು ಕುರಿತು ಕೊಂಚ ಹೆಚ್ಚಾಗಿಯೇ ನಂಬಿದ್ದರೆಂದು ನನಗೆ ತೋರಿತು.

ನಾವೆಲ್ಲರೂ ಹಸಿದಾಗ ಉಣ್ಣುತ್ತೇವೆ, ಹೊಟ್ಟೆ ತುಂಬಿದಾಗ ನಿಲ್ಲಿಸುತ್ತೇವೆ ಎಂದು ಭಾವಿಸಿಕೊಂಡಿದ್ದೇವೆ. ಹಾಗಿದ್ದಲ್ಲಿ ಎಡೆ ದೊಡ್ಡದಾಗಲಿ ಚಿಕ್ಕದಾಗಲಿ ನಮ್ಮ ಊಟ ಒಂದೇ ಸಮನಾಗಿರಬೇಕಷ್ಟೆ. ಅಮೆರಿಕದ ಪೆನ್ಸಿಲ್ವೇನಿಯ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಬಾರ್ಬರಾ ರೋಲ್ಸ್ ಎಂಬ ವಿದುಷಿಯೂ ಅವರ ಸಹೋದ್ಯೋಗಿಗಳೂ ಇದನ್ನು ಪರೀಕ್ಷಿಸಿ 2002ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. 51 ಮಂದಿ ಸ್ತ್ರೀಪುರುಷರಿಗೆ ವಾರಕ್ಕೊಮ್ಮೆಯಂತೆ ನಾಲ್ಕು ವಾರ ಮಧ್ಯಾಹ್ನದ ಊಟವನ್ನಿಟ್ಟರು. ಪ್ರತಿ ಸಲವೂ ಅದೇ ಭಕ್ಷ್ಯ, ಚೀಸ್ ಬೆರೆಸಿದ ಮೆಕರೋನಿ. ಬೇರೆಯಾದುದು ಪ್ರಮಾಣವೊಂದೇ: ಒಮ್ಮೆ 500 ಗ್ರಾಂ, ಒಮ್ಮೆ 625, ಒಮ್ಮೆ 750, ಒಮ್ಮೆ 1,000. ಬೇಕಾದಷ್ಟು ಉಂಡು ಉಳಿದುದನ್ನು ಬಿಡಲು ಎಲ್ಲರಿಗೂ ಸ್ವಾತಂತ್ರ್ಯವಿತ್ತು. ಆದರೂ ಅತಿ ದೊಡ್ಡ ಎಡೆಯನ್ನಿಟ್ಟ ದಿನ, ಅತಿ ಚಿಕ್ಕ ಎಡೆಯ ದಿನಕ್ಕಿಂತ ಶೇಕಡ 30ರಷ್ಟು ಹೆಚ್ಚು ಆಹಾರ ಒಳಗೆ ಹೋಗಿತ್ತು. ಇನ್ನೂ ಆಶ್ಚರ್ಯದ ಸಂಗತಿಯೆಂದರೆ, ಊಟವಾದಮೇಲೆ ಹೊಟ್ಟೆ ಎಷ್ಟು ತುಂಬಿದೆಯೆಂದು ಕೇಳಿದಾಗ ಎರಡು ದಿನಗಳ ಉತ್ತರವೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಎಡೆಯ ಗಾತ್ರ ಬದಲಾಗಿದೆಯೆಂಬುದನ್ನು ಗಮನಿಸಿದವರು ಅರ್ಧದಷ್ಟು ಜನರೂ ಇರಲಿಲ್ಲ.

ಇದರ ಅರ್ಥವೇನು? ಸಾಕೆಂದು ಹೇಳಿದುದು ಹೊಟ್ಟೆಯೆಂದು ಅವರು ತಿಳಿದರು. ನಿಜವಾಗಿ ಹೇಳಿದುದು ತಟ್ಟೆ. ಕಣ್ಣು ಅಳೆದುದನ್ನು ಬಾಯಿ ಒಪ್ಪಿತು, ಬಾಯಿ ಒಪ್ಪಿದುದಕ್ಕೆ ಹೊಟ್ಟೆ ಸಹಿ ಹಾಕಿತು.

ಹೊಟ್ಟೆಯನ್ನು ದೂರಿ ಫಲವಿಲ್ಲ. ಅದು ತನ್ನ ಸುದ್ದಿಯನ್ನು ಕಳುಹಿಸದೆ ಇರುವುದಿಲ್ಲ. ಜಠರವು ಹಿಗ್ಗಿದಾಗ ನರಗಳ ಮೂಲಕ ಮಿದುಳಿಗೆ ವಾರ್ತೆ ಹೋಗುತ್ತದೆ. ಆಹಾರವು ಕರುಳಿಗೆ ಇಳಿದಂತೆ ಅಲ್ಲಿಂದ ಹೊರಡುವ ಹಾರ್ಮೋನುಗಳು ರಕ್ತದಲ್ಲಿ ಬೆರೆತು, ಇನ್ನು ಸಾಕೆಂಬ ಸಂದೇಶವನ್ನು ಒಯ್ಯುತ್ತವೆ. ಆದರೆ ಈ ಸಂದೇಶ ನಿಧಾನವಾಗಿ ನಡೆಯುವ ದೂತ. ಅದು ಮುಟ್ಟಿ, ಮನಸ್ಸಿಗೆ ತೃಪ್ತಿ ತಿಳಿಯುವ ಹೊತ್ತಿಗೆ ಸುಮಾರು ಹದಿನೈದು ಇಪ್ಪತ್ತು ನಿಮಿಷಗಳಾಗಿರುತ್ತವೆ. ಅವಸರದಿಂದ ಉಣ್ಣುವವನು ಅಷ್ಟರಲ್ಲಿ ಎರಡನೆಯ ಸಲ ಅನ್ನ ಹಾಕಿಸಿಕೊಂಡು ಮಜ್ಜಿಗೆಗೆ ಬಂದಿರುತ್ತಾನೆ. ನಮ್ಮ ಪ್ರಾಚೀನ ವೈದ್ಯರಿಗೆ ಹಾರ್ಮೋನುಗಳ ವಿಚಾರ ತಿಳಿಯದಿದ್ದರೂ ಈ ಅಪಾಯ ತಿಳಿದಿತ್ತು. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಹೊಟ್ಟೆಯನ್ನು ಮೂರು ಪಾಲು ಮಾಡಿ, ಗಟ್ಟಿ ಆಹಾರಕ್ಕೆ ಒಂದು, ದ್ರವಕ್ಕೆ ಒಂದು, ವಾತಪಿತ್ತಕಫಗಳ ಚಲನೆಗೆ ಒಂದು ಎಂದು ವಿಧಿಸಿದೆ. ವಾಗ್ಭಟನು ನಾಲ್ಕು ಪಾಲು ಮಾಡಿ, ನಾಲ್ಕನೆಯದನ್ನು ಬರಿದಾಗಿಯೇ ಬಿಡಬೇಕೆಂದನು. ಇಬ್ಬರ ತಾತ್ಪರ್ಯವೂ ಒಂದೇ: ತುಂಬಿತೆಂಬ ಅರಿವು ಬರುವುದಕ್ಕೆ ಮೊದಲೇ ನಿಲ್ಲಬೇಕು.

ಇನ್ನೊಂದು ಪರೀಕ್ಷೆಯೂ ವಿಚಾರಾರ್ಹವಾಗಿದೆ. 1998ರಲ್ಲಿ ಪಾಲ್ ರೋಜಿನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರೂ ಅವರ ಜೊತೆಗಾರರೂ, ಮಿದುಳಿಗೆ ಪೆಟ್ಟಾಗಿ ಹೊಸ ನೆನಪನ್ನು ಹಿಡಿದಿಡಲಾರದ ಇಬ್ಬರು ರೋಗಿಗಳ ಊಟವನ್ನು ಗಮನಿಸಿ ಬರೆದರು. ಮಧ್ಯಾಹ್ನದ ಊಟ ಮುಗಿದು ಹತ್ತರಿಂದ ಮೂವತ್ತು ನಿಮಿಷಗಳೊಳಗೆ ಮತ್ತೆ ಊಟವನ್ನು ತಂದಿಟ್ಟರೆ, ಅವರು ಅದನ್ನೂ ಉಂಡರು. ಮೂರನೆಯ ಸಲ ತಂದಿಟ್ಟಾಗಲೂ ಸಾಮಾನ್ಯವಾಗಿ ಕೈ ಹಾಕಿದರು. ಹೊಟ್ಟೆ ತುಂಬಿಯೇ ಇತ್ತು; ಉಂಡೆನೆಂಬ ನೆನಪು ಮಾತ್ರ ಇರಲಿಲ್ಲ. ತೃಪ್ತಿಯೆಂಬುದು ಕೇವಲ ಜಠರದ ಗುಣವಲ್ಲ, ಅದರಲ್ಲಿ ನೆನಪಿನ ಪಾಲೂ ಇದೆ ಎಂಬುದನ್ನು ಇದು ತೋರಿಸುತ್ತದೆ.

ಅರಿವು ಮತ್ತು ಮರೆವು ಎಂಬ ಎರಡು ಮಾತುಗಳ ಮೇಲೆ ವಚನಧರ್ಮವೇ ನಿಂತಿದೆಯೆಂಬುದು ವಾಚಕರಿಗೆ ತಿಳಿದ ವಿಷಯ. ಆ ರೋಗಿಗಳ ಮರೆವು ಅವರ ತಪ್ಪಲ್ಲ, ಅದು ವ್ಯಾಧಿ. ನಮ್ಮ ಮರೆವಾದರೋ ನಾವೇ ತಂದುಕೊಂಡುದು. ಒಂದು ಕೈಯಲ್ಲಿ ಮೊಬೈಲನ್ನೋ, ಎದುರಿಗೆ ದೂರದರ್ಶನದ ಪೆಟ್ಟಿಗೆಯನ್ನೋ ಇಟ್ಟುಕೊಂಡು ಉಣ್ಣುವವನನ್ನು, ಈಗ ಎಷ್ಟು ತುತ್ತಾಯಿತೆಂದು ಕೇಳಿ ನೋಡಿರಿ. ಉಣ್ಣುತ್ತಿರುವಾಗಲೇ ಊಟವನ್ನು ಮರೆತವನಿಗೆ ಸಾಕೆಂಬ ಅರಿವು ಎಲ್ಲಿಂದ ಬರಬೇಕು? ಚೆನ್ನಬಸವಣ್ಣನೇ ಮೊದಲಾದ ಶರಣರು ಅರ್ಪಿತದಲ್ಲಿ ಅವಧಾನವಿರಬೇಕೆಂದು ಮತ್ತೆಮತ್ತೆ ಎಚ್ಚರಿಸಿದರು. ರೂಪನ್ನು ಕಣ್ಣಿನಿಂದ, ಗಂಧವನ್ನು ನಾಸಿಕದಿಂದ, ರುಚಿಯನ್ನು ಜಿಹ್ವೆಯಿಂದ ಲಿಂಗಕ್ಕೆ ಅರ್ಪಿಸುತ್ತ ಸ್ವೀಕರಿಸುವವನ ಕೈ ತಾನಾಗಿಯೇ ಮಂದವಾಗುತ್ತದೆ. ತುತ್ತು ತುತ್ತಿಗೂ ನೆನಪು ಸೇರುತ್ತದೆ. ಶರಣರು ದೇಹದ ತೂಕವನ್ನಿಳಿಸುವ ಉಪಾಯವಾಗಿ ಇದನ್ನು ಹೇಳಿದರೆಂದು ಯಾರೂ ಭಾವಿಸಬೇಕಾಗಿಲ್ಲ. ಅವರ ಗುರಿ ಬೇರೆ, ಬಹಳ ಎತ್ತರದ್ದು. ಆದರೆ ಅವಧಾನವಿದ್ದೆಡೆಯಲ್ಲಿ ಮಿತಿಯೂ ಇರುವುದೆಂಬುದು ಅದರೊಡನೆಯೇ ಬರುವ ಫಲ.

ಇನ್ನು ನಮ್ಮ ಎಡೆಯ ಪ್ರಮಾಣ ಎಲ್ಲಿಂದ ಬಂದಿತೆಂಬುದನ್ನು ನೋಡೋಣ. ಮಂಡ್ಯದ ಸೀಮೆಯಲ್ಲಿ ಊಟವನ್ನು ಮುದ್ದೆಯಿಂದ ಎಣಿಸುತ್ತಾರೆ. ಆ ಮುದ್ದೆಯ ಗಾತ್ರವನ್ನು ಯಾವ ಪುಸ್ತಕವೂ ನಿರ್ಣಯಿಸಲಿಲ್ಲ; ನೇಗಿಲು ನಿರ್ಣಯಿಸಿತು. ಬೆಳಗಿನಿಂದ ಸಂಜೆಯವರೆಗೆ ಉಳುವ, ಅಗೆಯುವ, ಹೊರೆ ಹೊರುವ ಮೈಗೆ ಎರಡು ದೊಡ್ಡ ಮುದ್ದೆ ಹೆಚ್ಚಲ್ಲ. ಆಗ ಅದು ನ್ಯಾಯವಾದ ಅಳತೆಯೇ. ರಾಗಿಯೂ ಸುಲಭವಾಗಿ ದೊರೆಯುತ್ತಿರಲಿಲ್ಲ. ಮಳೆ ತಪ್ಪಿದ ವರ್ಷ ಮುದ್ದೆ ತಾನಾಗಿಯೇ ಚಿಕ್ಕದಾಗುತ್ತಿತ್ತು. ಮುಂದೆ ಕಾಲುವೆಗಳು ಬಂದವು. ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರೆಂದೇ ಹೆಸರಾದ ವಿಜ್ಞಾನಿಗಳು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ರೂಪಿಸಿದರು. ಹೊಲದ ಇಳುವರಿ ಹೆಚ್ಚಿತು. ಕಣಜ ತುಂಬಿತು, ಇದು ಶಿವನ ಕೃಪೆ ಮತ್ತು ಮಾನವನ ಕಾಯಕ. ಅಷ್ಟರಲ್ಲಿ ಉಳುವ ಕೆಲಸಕ್ಕೆ ಟ್ರಾಕ್ಟರು ಬಂತು, ನಡೆಯುವ ಕಾಲಿಗೆ ಮೋಟಾರು ಸೈಕಲ್ಲು ಬಂತು, ಮಕ್ಕಳು ಕುರ್ಚಿಯ ಕೆಲಸಕ್ಕೆ ಹೋದರು. ದುಡಿಮೆ ಇಳಿಯಿತು, ಮುದ್ದೆ ಮಾತ್ರ ಇಳಿಯಲಿಲ್ಲ. ತಾತನ ದುಡಿಮೆಯ ಅಳತೆಯನ್ನು ಮೊಮ್ಮಗನ ತಟ್ಟೆಗೆ ಹಾಕುತ್ತಿದ್ದೇವೆ. ಅದರ ಜೊತೆಗೆ ಅನ್ನವೂ ಸಿಹಿಯೂ ಕರಿದ ತಿಂಡಿಗಳೂ ನಿತ್ಯದ ವಸ್ತುಗಳಾಗಿವೆ. ಹಬ್ಬದ ಎಡೆ ವಾರದ ಎಡೆಯಾಗಿದೆ. ಅಷ್ಟೇ ಅಲ್ಲ, ಯಾರು ಹೆಚ್ಚು ಮುದ್ದೆ ಉಣ್ಣುವರೆಂದು ನಮ್ಮ ಸೀಮೆಯಲ್ಲಿ ಪಂದ್ಯಗಳನ್ನೂ ನಡೆಸುತ್ತಾರೆ. ವಿನೋದಕ್ಕೆಂದು ನಡೆಯುವುದನ್ನು ಕಟುವಾಗಿ ಆಡಬೇಕಾಗಿಲ್ಲವಾದರೂ, ಅನ್ನವನ್ನು ಗೆಲ್ಲಬೇಕಾದ ಎದುರಾಳಿಯನ್ನಾಗಿ ಮಾಡುವುದು ಪ್ರಸಾದಭಾವಕ್ಕೆ ಒಪ್ಪುವ ಮಾತಲ್ಲ.

ಪ್ರಮಾಣದ ಈ ವಿಚಾರದಲ್ಲಿ ನಮಗೆ ಗುರುವಾಗತಕ್ಕವಳು ಆಯ್ದಕ್ಕಿ ಲಕ್ಕಮ್ಮ. ಅವಳ ಪತಿ ಮಾರಯ್ಯನು ಕಲ್ಯಾಣದಲ್ಲಿ ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಆ ಅಕ್ಕಿಯಿಂದಲೇ ಅವರ ಮನೆಯ ಜಂಗಮದಾಸೋಹ ನಡೆಯುತ್ತಿತ್ತು. ಒಂದು ದಿನ ಅವನು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಅದನ್ನು ಕಂಡು ಹಿಗ್ಗಲಿಲ್ಲ; ಇದು ನಮ್ಮ ಅಳತೆಯಲ್ಲ, ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿರೆಂದು ಪತಿಯನ್ನು ಹಿಂದಿರುಗಿಸಿದಳು. ಈ ಪ್ರಸಂಗವನ್ನು ನಾವು ಆಸೆಯ ನಿಗ್ರಹಕ್ಕೆ ನಿದರ್ಶನವಾಗಿ ಹೇಳುವುದು ವಾಡಿಕೆ. ಆದರೆ ಅದರಲ್ಲಿ ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ಲಕ್ಕಮ್ಮನು ಹೆಚ್ಚಿನ ಅಕ್ಕಿಯನ್ನು ಬೇಯಿಸಿ, ಬಡಿಸಿ, ಅನಂತರ ಹೆಚ್ಚಾಯಿತೆಂದು ಚಿಂತಿಸಲಿಲ್ಲ. ಬೇಯಿಸುವುದಕ್ಕೆ ಮೊದಲೇ, ಅಕ್ಕಿ ಇನ್ನೂ ಚೀಲದಲ್ಲಿರುವಾಗಲೇ ಸಾಕೆಂದಳು. ಅವಳ ಸಾಕು ಊಟದ ಕೊನೆಯ ಮಾತಲ್ಲ, ಅಡಿಗೆಯ ಮೊದಲ ಮಾತು.

ನಾವು ಮೊದಲು ಎತ್ತಿದ ತೊಡಕಿಗೆ ಬಿಡುಗಡೆ ಇಲ್ಲಿಯೇ ಇದೆಯೆಂದು ನನಗೆ ತೋರುತ್ತದೆ. ಪ್ರಸಾದವನ್ನು ಬಿಡಬಾರದೆಂಬ ನಿಯಮ ತಪ್ಪಲ್ಲ. ಆ ನಿಯಮವನ್ನು ಊಟದ ಕೊನೆಗೆ ಮಾತ್ರ ನೆನೆಯುವುದು ತಪ್ಪು. ಬಿಡಬಾರದೆಂಬ ವ್ರತವುಳ್ಳವನು ಹಾಕಿಸಿಕೊಳ್ಳುವಾಗಲೇ ಎಚ್ಚರದಿಂದಿರಬೇಕು. ಇಡಿಯ ವ್ರತದ ಭಾರವನ್ನು ಹೊಟ್ಟೆಯ ಮೇಲೆ ಹೊರಿಸಿ, ಕೈಯನ್ನೂ ಮಾತನ್ನೂ ಸ್ವತಂತ್ರವಾಗಿ ಬಿಟ್ಟರೆ, ಪಾಲಿಸಿದಂತೆ ಕಾಣುವುದು ಪ್ರಸಾದನಿಷ್ಠೆ, ನಿಜವಾಗಿ ನಡೆಯುವುದು ಅತಿಭೋಜನ. ಒಂದಗುಳೂ ಬಿಡದವನು ಒಂದು ಸೌಟು ಕಡಿಮೆ ಹಾಕಿಸಿಕೊಳ್ಳಲು ಕಲಿಯಬೇಕು. ಆಗ ಪ್ರಸಾದವೂ ಉಳಿಯುವುದು, ದೇಹವೂ ಉಳಿಯುವುದು.

ಇಲ್ಲಿ ಕೆಲವರು ಆಕ್ಷೇಪಿಸಬಹುದು: ಶರಣರ ಧರ್ಮ ದಾಸೋಹದ ಧರ್ಮ, ಅಳೆದು ಬಡಿಸುವುದು ಲೋಭಿಯ ಲಕ್ಷಣವಲ್ಲವೇ? ಬಂದವರಿಗೆ ಇನ್ನಷ್ಟು ಹಾಕದೆ ಕಳುಹಿಸಿದರೆ ಮನೆಯ ಮರ್ಯಾದೆ ಉಳಿಯುವುದೇ? ಈ ಆಕ್ಷೇಪ ಹಗುರವಾದುದಲ್ಲ. ಹಸಿದವನಿಗೆ ಉದಾರವಾದ ಕೈ ಬೇಕು. ಆದರೆ ದಾಸೋಹವೆಂದರೆ ನಾನು ದಾಸನೆಂಬ ಭಾವ. ದಾಸನಾದವನು ಎದುರಿನವನ ಇಷ್ಟವನ್ನು ಕೇಳಿ ನಡೆಯುತ್ತಾನೆ. ಎದುರಿನವನ ಕೈಯನ್ನು ಸರಿಸಿ ತನ್ನ ಇಷ್ಟವನ್ನು ಎಲೆಗೆ ಸುರಿಯುವುದಿಲ್ಲ. ಪೂರಿಗಾಲಿಯ ಪಂಕ್ತಿಯಲ್ಲಿ ನಾನು ಮಾಡಿದುದು ದಾಸೋಹವಲ್ಲ. ಹಿರಿಯರನ್ನು ಉಪಚರಿಸುತ್ತಿದ್ದೇನೆಂಬ ನನ್ನ ಹೆಮ್ಮೆಗೆ ಅವರ ಹೊಟ್ಟೆಯನ್ನು ಎಡೆ ಮಾಡಿಕೊಂಡೆ. ಇದನ್ನು ಒಪ್ಪಿಕೊಳ್ಳಲು ನನಗೆ ಬಹಳ ದಿನಗಳೇ ಬೇಕಾದವು.

ಉದಾರವಾದ ಕೈಗೂ ಮಿತವಾದ ಬಾಯಿಗೂ ವಿರೋಧವಿಲ್ಲವೆಂಬುದಕ್ಕೆ ನಮ್ಮ ಕಾಲದಲ್ಲಿಯೇ ದೊಡ್ಡ ನಿದರ್ಶನವಿದೆ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಡಾ. ಶಿವಕುಮಾರ ಮಹಾಸ್ವಾಮಿಗಳವರು ಜಾತಿಮತಗಳ ಭೇದವಿಲ್ಲದೆ ಸಾವಿರಾರು ವಿದ್ಯಾರ್ಥಿಗಳಿಗೆ ದಿನದಿನವೂ ಅನ್ನವನ್ನಿತ್ತರು. 1907ರಲ್ಲಿ ಜನಿಸಿ 2019ರ ಜನವರಿ 21ರಂದು ಲಿಂಗೈಕ್ಯರಾಗುವವರೆಗೆ, 111 ವರ್ಷಗಳ ಆ ಬಾಳಿನಲ್ಲಿ ಅವರ ಮಿತಾಹಾರವು ಭಕ್ತರೆಲ್ಲರೂ ಬಲ್ಲ ಸಂಗತಿಯಾಗಿತ್ತು. ದೀರ್ಘಾಯುಷ್ಯಕ್ಕೆ ಅದೊಂದೇ ಕಾರಣವೆಂದು ಹೇಳುವುದು ಸಾಹಸವಾದೀತು. ಆದರೆ ಸಾವಿರಾರು ತಟ್ಟೆಗಳನ್ನು ತುಂಬಿಸಿದವರು ತಮ್ಮ ತಟ್ಟೆಯನ್ನು ಚಿಕ್ಕದಾಗಿ ಇಟ್ಟುಕೊಂಡಿದ್ದರೆಂಬುದನ್ನು ನಾವು ಮರೆಯಬಾರದು.

ಇನ್ನೊಂದು ಎಚ್ಚರಿಕೆಯೂ ಅವಶ್ಯ. ಸಾಕೆಂಬ ಉಪದೇಶವನ್ನು ಯಾರಿಗೆ ಹೇಳುತ್ತೇವೆಂಬುದನ್ನು ನೋಡಿಕೊಂಡು ಹೇಳಬೇಕು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದಲ್ಲಿ 15ರಿಂದ 49 ವರ್ಷದ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 30 ಮಂದಿ ತೂಕ ಮೀರಿದವರು. ಅದೇ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 17 ಮಂದಿ ಇರಬೇಕಾದುದಕ್ಕಿಂತ ಕಡಿಮೆ ತೂಕದವರು. ಒಂದೇ ನಾಡು, ಒಂದೇ ಬೀದಿ, ಕೆಲವೆಡೆ ಒಂದೇ ಮನೆ. ಕೂಲಿಗೆ ಹೋಗಿ ಬಂದವನ ಎರಡನೆಯ ಮುದ್ದೆಯನ್ನು ಎಣಿಸುವ ಅಧಿಕಾರ ಯಾರಿಗೂ ಇಲ್ಲ. ಗರ್ಭಿಣಿಗೆ, ಬಾಣಂತಿಗೆ, ಬೆಳೆಯುವ ಮಕ್ಕಳಿಗೆ ಕಡಿಮೆಯುಣ್ಣಿರೆಂದು ಹೇಳುವುದು ಧರ್ಮವಲ್ಲ. ಲಕ್ಕಮ್ಮನು ಸಾಕೆಂದುದು ತನ್ನ ಮನೆಯ ಅಳತೆಯನ್ನು ಕುರಿತು. ನೆರೆಮನೆಯ ಮಡಕೆಯಲ್ಲಿ ಅವಳು ಇಣಿಕಿ ನೋಡಲಿಲ್ಲ. ಪ್ರಮಾಣವೆಂಬುದು ಒಬ್ಬೊಬ್ಬರ ಕಾಯಕಕ್ಕೂ ವಯಸ್ಸಿಗೂ ಆರೋಗ್ಯಕ್ಕೂ ತಕ್ಕುದು. ಸಕ್ಕರೆ ಕಾಯಿಲೆಗೆ ಔಷಧ ಸೇವಿಸುವವರು ತಮ್ಮಷ್ಟಕ್ಕೆ ತಾವೇ ಊಟವನ್ನು ಬಿಡದೆ, ವೈದ್ಯರನ್ನು ಕೇಳಿಯೇ ಅಳತೆಯನ್ನು ಗೊತ್ತುಮಾಡಿಕೊಳ್ಳಬೇಕು.

ಮನೆಯ ತಾಯಂದಿರ ವಿಚಾರವನ್ನು ಇಲ್ಲಿ ಬೇರೆಯಾಗಿ ಹೇಳಬೇಕಾಗಿದೆ. ಎಲ್ಲರಿಗೂ ಬಡಿಸಿ ಕೊನೆಗೆ ಕೂರುವ ಗೃಹಿಣಿಗೆ ಅಳತೆಯೇ ಇಲ್ಲ. ಪಾತ್ರೆಯಲ್ಲಿ ಉಳಿಯದಿದ್ದರೆ ಅವಳದು ಅರೆಹೊಟ್ಟೆ. ಉಳಿದರೆ, ಹಾಳಾಗಬಾರದೆಂದು ಹೊಟ್ಟೆಗೆ ಮೀರಿ ಉಣ್ಣುತ್ತಾಳೆ. ಎರಡೂ ಸಲ ಅವಳ ಎಡೆಯನ್ನು ನಿರ್ಣಯಿಸಿದುದು ಅವಳ ಹಸಿವಲ್ಲ, ಇತರರ ಊಟ. ಪ್ರಸಾದದ ಗೌರವವನ್ನು ಇಡಿಯ ಮನೆಯ ಪರವಾಗಿ ಒಬ್ಬಳೇ ತನ್ನ ದೇಹದ ಮೇಲೆ ಹೊರಬೇಕೆ? ಸತಿಪತಿಗಳ ಭಕ್ತಿಯಲ್ಲಿ ಹೆಚ್ಚುಕಡಿಮೆಯಿಲ್ಲವೆಂದು ಸಾರಿದ ಧರ್ಮದವರು ಇದನ್ನು ಯೋಚಿಸತಕ್ಕದ್ದು. ಅವಳ ಎಡೆಯನ್ನು ಮೊದಲೇ ತೆಗೆದಿಡುವುದು, ಆದರೆ ಎಲ್ಲರೊಡನೆ ಅವಳೂ ಕೂರುವುದು, ಇದಕ್ಕಿಂತ ಸುಲಭವಾದ ಸುಧಾರಣೆ ಇನ್ನಾವುದಿದೆ?

ಮಕ್ಕಳ ವಿಚಾರವೂ ಇಂತಹುದೇ. ತಟ್ಟೆಯಲ್ಲಿದ್ದುದನ್ನು ಮುಗಿಸುವವರೆಗೆ ಏಳಬಾರದೆಂದು ನಾವು ಮಕ್ಕಳನ್ನು ಗದರಿಸುತ್ತೇವೆ; ಆ ತಟ್ಟೆಗೆ ಎಷ್ಟು ಹಾಕಬೇಕೆಂದು ನಿರ್ಣಯಿಸಿದವರು ಮಾತ್ರ ನಾವು. ರೋಲ್ಸ್ ಅವರೂ ಜೊತೆಗಾರರೂ 2000ದಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಮೂರು ವರ್ಷದ ಮಕ್ಕಳು ಎಡೆ ದೊಡ್ಡದಾದರೂ ತಮ್ಮ ಅಳತೆಯನ್ನು ಬಿಡಲಿಲ್ಲ. ಐದು ವರ್ಷದವರು ಎಡೆ ದೊಡ್ಡದಾದಂತೆ ಹೆಚ್ಚು ಉಂಡರು. ಅನಂತರದ ಪರೀಕ್ಷೆಗಳಲ್ಲಿ ಇನ್ನೂ ಚಿಕ್ಕ ಮಕ್ಕಳಲ್ಲಿಯೂ ಎಡೆಯ ಪ್ರಭಾವ ಕಂಡುಬಂದುದುಂಟು. ಆದಕಾರಣ ವಯಸ್ಸಿನ ಗೆರೆಯನ್ನು ಗಟ್ಟಿಯಾಗಿ ಎಳೆಯಲಾಗದು. ಆದರೂ ಕೂಸು ಮುಖ ತಿರುಗಿಸಿದಾಗ ಅದು ಆಡುವ ಸಾಕೆಂಬ ಭಾಷೆಯನ್ನು ನಾವೇ ಮರೆಯಿಸುತ್ತಿದ್ದೇವೆಯೋ ಎಂದು ಕೇಳಿಕೊಳ್ಳಬೇಕು. ಮಕ್ಕಳಿಗೆ ಸ್ವಲ್ಪ ಹಾಕಿ, ಕೇಳಿದರೆ ಮತ್ತೆ ಹಾಕಿ, ಹಾಕಿಸಿಕೊಂಡುದನ್ನು ಬಿಡದಿರಲು ಕಲಿಸಿದರೆ, ಮಗುವಿನ ಹಸಿವಿಗೂ ಪ್ರಸಾದಕ್ಕೂ ಗೌರವ ಸಲ್ಲುವುದು.

ಹೆಚ್ಚಾದುದನ್ನು ಉಣ್ಣಲಾರದೆ ಬಿಟ್ಟಾಗ ಆಗುವುದನ್ನು ನಮ್ಮ ಕಲ್ಯಾಣಮಂಟಪಗಳು ತೋರಿಸುತ್ತಿವೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು 2012ರಲ್ಲಿ ಹೊರತಂದ ಅಧ್ಯಯನದಂತೆ, ಆ ನಗರದ ಮದುವೆಗಳಲ್ಲಿಯೇ ವರ್ಷಕ್ಕೆ 943 ಟನ್ನಿನಷ್ಟು ಒಳ್ಳೆಯ ಆಹಾರ ವ್ಯರ್ಥವಾಗುತ್ತಿತ್ತು. ಆ ಅನ್ನದ ಹಿಂದೆ ಎಷ್ಟು ರೈತರ ಬೆವರು, ಎಷ್ಟು ಕಾವೇರಿಯ ನೀರು ಇದ್ದಿತೆಂಬುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. ಮನೆಯಲ್ಲಿ ಹೆಚ್ಚಾದುದು ಹೊಟ್ಟೆಗೆ ಹೋಗುತ್ತದೆ, ಮಂಟಪದಲ್ಲಿ ಹೆಚ್ಚಾದುದು ತಿಪ್ಪೆಗೆ ಹೋಗುತ್ತದೆ. ಎರಡರ ಮೂಲವೂ ಕೇಳದೆ ಬಡಿಸುವ ಕೈ, ಹೇಳದೆ ಹಾಕಿಸಿಕೊಳ್ಳುವ ಎಲೆ.

ಹಾಗಾದರೆ ಸದ್ಭಕ್ತರಾದ ಗೃಹಸ್ಥರು ಮಾಡತಕ್ಕುದೇನು? ಹೊಸ ವ್ರತವೇನೂ ಬೇಕಾಗಿಲ್ಲ. ಇರುವ ಆಚಾರವನ್ನೇ ಅದರ ಸ್ಥಾನದಲ್ಲಿ ನಿಲ್ಲಿಸಿದರೆ ಸಾಕು. ಅಡಿಗೆಗೆ ಅಕ್ಕಿ ಹಿಟ್ಟುಗಳನ್ನು ಹಾಕುವಾಗ ಉಣ್ಣುವವರನ್ನು ನೆನೆದು ಅಳೆಯುವುದು. ಮುದ್ದೆಯನ್ನು ಕಟ್ಟುವಾಗ ಕೊಂಚ ಚಿಕ್ಕದಾಗಿ ಕಟ್ಟಿ, ಬೇಕೆಂದವರಿಗೆ ಇನ್ನೊಂದನ್ನಿಕ್ಕುವುದು. ಎಡೆಯ ಮುಂದೆ ಕುಳಿತೊಡನೆ ಕೈ ಹಾಕದೆ, ಅರ್ಪಿತಕ್ಕೆ ಮೊದಲು ಒಂದು ಕ್ಷಣ ನಿಂತು, ಇದು ಈ ಹೊತ್ತಿನ ನನ್ನ ಹಸಿವಿಗೆ ತಕ್ಕುದೇ ಎಂದು ಕೇಳಿಕೊಳ್ಳುವುದು. ಹೆಚ್ಚೆಂದು ತೋರಿದರೆ ಆಗಲೇ ಬೇರೆ ಪಾತ್ರೆಗೆ ತೆಗೆಯಿಸುವುದು. ಅರ್ಪಿಸುವ ಮುನ್ನ ತೆಗೆದುದು ಇನ್ನೂ ಪದಾರ್ಥವೇ ಆದುದರಿಂದ ಇನ್ನೊಬ್ಬರಿಗೆ ಎಡೆಯಾಗುತ್ತದೆ, ಅದರಲ್ಲಿ ದೋಷವಿಲ್ಲ. ಉಣ್ಣುವಾಗ ಅವಧಾನದಿಂದ, ನಿಧಾನವಾಗಿ ಉಣ್ಣುವುದು. ಎರಡನೆಯ ಸಲ ಹಾಕಿಸಿಕೊಳ್ಳುವ ಮುನ್ನ ಸ್ವಲ್ಪ ತಡೆಯುವುದು. ಅತಿಥಿಗಳು ಎಲೆಗೆ ಕೈ ಅಡ್ಡ ಹಿಡಿದರೆ ಅದನ್ನು ಸಂಕೋಚವೆನ್ನದೆ ಅವರ ಮಾತೆಂದು ಗೌರವಿಸುವುದು. ಅನಾರೋಗ್ಯದವರಿಗೆ ಅರ್ಪಿತವಾದಮೇಲೆ ಹೆಚ್ಚೆನಿಸಿದರೆ ಏನು ಮಾಡಬೇಕೆಂಬುದನ್ನು ತಮ್ಮ ಗುರುಗಳಲ್ಲಿ ವಿಚಾರಿಸಿಕೊಳ್ಳುವುದು ಉಚಿತ. ದೇಹವನ್ನು ಕೆಡಿಸಿಕೊಳ್ಳಿರೆಂದು ಯಾವ ಗುರುವೂ ಹೇಳಲಾರನು.

ಇದಕ್ಕೆ ಇನ್ನೊಂದನ್ನು ಸೇರಿಸಬಹುದು. ದಿನವೂ ಅಡಿಗೆಗೆ ಮುನ್ನ ಒಂದು ಹಿಡಿ ಅಕ್ಕಿಯನ್ನು ದಾಸೋಹಕ್ಕೆಂದು ಬೇರೆ ಮಡಕೆಯಲ್ಲಿ ಹಾಕಿಡುವ ಪದ್ಧತಿ ನಮ್ಮ ಹಿರಿಯರಲ್ಲಿತ್ತು. ಹೆಚ್ಚಿನ ಸೌಟನ್ನು ಬಿಟ್ಟವರು ಆ ಹಿಡಿಯನ್ನು ಮತ್ತೆ ಪ್ರಾರಂಭಿಸಲಿ. ನಮ್ಮ ಸಾಕು ಇನ್ನೊಬ್ಬರ ಬೇಕನ್ನು ಮುಟ್ಟಿದಾಗ ಮಿತಾಹಾರವು ಬರಿಯ ಆರೋಗ್ಯದ ಉಪಾಯವಾಗಿ ಉಳಿಯದೆ ದಾಸೋಹವಾಗುತ್ತದೆ. ಊಟ ಬಲ್ಲವನಿಗೆ ರೋಗವಿಲ್ಲವೆಂದು ಗಾದೆ ಹೇಳುತ್ತದೆ. ಊಟ ಬಲ್ಲವನ ನೆರೆಯಲ್ಲಿ ಹಸಿವೂ ಇರಬಾರದೆಂದು ಶರಣಧರ್ಮ ಹೇಳುತ್ತದೆ.

ಪೂರಿಗಾಲಿಯ ಹೆಸರನ್ನೇ ಹೊತ್ತ ಹನಿ ನೀರಾವರಿ ಯೋಜನೆಯೊಂದನ್ನು ಇತ್ತೀಚಿನ ವರ್ಷಗಳಲ್ಲಿ ಸರ್ಕಾರದವರು ಕೈಗೊಂಡಿದ್ದಾರೆ. ಗದ್ದೆಯನ್ನು ತುಂಬಿಸಿ ನಿಲ್ಲಿಸುವ ಬದಲು ಬೇರಿನ ಬುಡಕ್ಕೆ ಬೇಕಾದಷ್ಟನ್ನೇ ಹನಿಸುವ ಕ್ರಮವದು. ಮುಂದೊಮ್ಮೆ ಆ ಊರಿಗೆ ಹೋಗಿದ್ದಾಗ ದೊಡ್ಡಪ್ಪನವರೊಡನೆ ಇದನ್ನು ಪ್ರಸ್ತಾಪಿಸಿದೆ. "ನೀರು ಜಾಸ್ತಿ ನಿಂತರೂ ಬೇರು ಕೊಳೀತದೆ, ಇಲ್ಲದಿದ್ದರೂ ಒಣಗ್ತದೆ, ಇದು ಗೊತ್ತಿಲ್ಲದ ಬೇಸಾಯಗಾರ ಉಂಟೇನಪ್ಪ?" ಎಂದರು. ಅಷ್ಟರಲ್ಲಿ ಒಳಗಿನಿಂದ ಊಟಕ್ಕೆ ಕರೆ ಬಂತು. ನಾನು ಮುದ್ದೆಯ ತಟ್ಟೆಯನ್ನು ಹಿಡಿದು ಅವರ ಮುಂದೆ ನಿಂತು, "ಎಷ್ಟು ಹಾಕಲಿ, ದೊಡ್ಡಪ್ಪ?" ಎಂದು ಕೇಳಿದೆ. ಅವರು ತಲೆಯೆತ್ತಿ ನೋಡಿ, "ಅರ್ಧ ಸಾಕು" ಎಂದರು. ಅರ್ಧ ಮುದ್ದೆಯನ್ನೇ ಇಕ್ಕಿದೆ. ಅವರು ಲಿಂಗಕ್ಕೆ ಅರ್ಪಿಸಿ, ಒಂದು ಚೂರೂ ಬಿಡದೆ ಸ್ವೀಕರಿಸಿದರು.